ಮಕ್ಕಳಿಗೆ ಡಕಾಯಿತರ ಕಥೆ, ಡಕಾಯಿತರ ಮಕ್ಕಳ ಕಥೆ: ಬಂಗಾಳದಿಂದ ರಾಮನಗರದ ಬಂಡೆಗಳವರೆಗೆ

(ಸಂಚಿಕೆ ಕೇಳಿದವರಿಗೆ ಮತ್ತೊಮ್ಮೆ ಕಣ್ಣಾಡಿಸೋಕೆ, ಇಯರ್‌ಫೋನ್ ಮನೇಲಿ ಮರೆತವರಿಗೆ ಬಸ್ಸಲ್ಲಿ ಓದೋಕೆ: ಬರಹ ರೂಪ ಇಲ್ಲಿದೆ.)

ಇವತ್ತು ಕಳ್ಳರ ಕಥೆ. ಜೇಬುಗಳ್ಳರದ್ದಲ್ಲ, ಒಟಿಪಿ ಕೇಳೋ ಆನ್‌ಲೈನ್ ಕಳ್ಳರದ್ದೂ ಅಲ್ಲ. ಕುದುರೆ, ಕತ್ತಿ, ಪಂಜು ಹಿಡ್ಕೊಂಡು ಗುಂಪಾಗಿ ಬರೋರು. ಡಕಾಯಿತರು.

ರಾಮನಗರ ತಾಲ್ಲೂಕಿನ ಕೂಟಗಲ್ ಹೋಬಳಿ ಕಡೆ ಓಡಾಡಿದವರಿಗೆ ಅಲ್ಲಿನ ಬಂಡೆಗಳು ಗೊತ್ತಿರುತ್ತೆ. ರಾಗಿ ಹೊಲ, ಹಿಪ್ಪುನೇರಳೆ ತೋಟ, ಮಾವಿನ ತೋಪು ಇವುಗಳ ನಡುವೆ ಯಾರೋ ತಂದು ಇಟ್ಟು ಹೋದ ಹಾಗೆ ಬೋಳು ಕಲ್ಲಿನ ಬೆಟ್ಟಗಳು. ಭೂವಿಜ್ಞಾನಿಗಳು ಈ ಕಲ್ಲನ್ನ ‘ಕ್ಲೋಸ್‌ಪೇಟೆ ಗ್ರಾನೈಟ್’ ಅಂತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಆದರೆ ದೇಶದ ಅರ್ಧ ಜನಕ್ಕೆ ಈ ಕಲ್ಲುಗಳು ಪರಿಚಯ ಆಗಿರೋದು ಒಬ್ಬನೇ ಒಬ್ಬ ಡಕಾಯಿತನಿಂದ. ಗಬ್ಬರ್ ಸಿಂಗ್. ‘ಶೋಲೆ’ ಸಿನಿಮಾದಲ್ಲಿ ಅವನು ಒಂದು ಜಂಬ ಕೊಚ್ಚಿಕೊಳ್ತಾನೆ, ನೆನಪಿದೆಯಾ? ದೂರದ ಹಳ್ಳಿಗಳಲ್ಲೂ ತಾಯಂದಿರು ನನ್ನ ಹೆಸರು ಹೇಳಿ ಮಕ್ಕಳನ್ನ ಮಲಗಿಸ್ತಾರೆ ಅನ್ನೋ ಅರ್ಥದ ಮಾತು.

ಈ ಮಾತನ್ನ ಸಿನಿಮಾದವರು ಸುಮ್ಮನೆ ಗಾಳಿಯಿಂದ ತಂದಿದ್ದಲ್ಲ. ಡಕಾಯಿತರ ಹೆಸರು ಹೇಳಿ ಮಕ್ಕಳನ್ನ ಮಲಗಿಸಿದ ನಾಡೊಂದು ನಿಜಕ್ಕೂ ಇದೆ. ಅದು ಬಂಗಾಳ. ಮತ್ತೆ ನಮ್ಮ ರಾಮನಗರದ ಗಬ್ಬರ್‌ಗೂ ಬಂಗಾಳಿಯ ಒಂದು ಪುಸ್ತಕಕ್ಕೂ ನೇರ ನಂಟಿದೆ. ಅಲ್ಲಿಗೆ ಬರೋಣ. ಮೊದಲು ನಮ್ಮ ರಸ್ತೆಯ ಕಥೆ.

ಬೆಂಗಳೂರು–ಮೈಸೂರು ರಸ್ತೆ ಈಗ ಟೋಲ್ ಕೀಳೋ ರಸ್ತೆ. ಇನ್ನೂರು ಚಿಲ್ಲರೆ ವರ್ಷದ ಹಿಂದೆ ಅದು ಹೆದರಿಕೆಯ ರಸ್ತೆ. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಮಾಗಡಿ ಹತ್ತಿರದ ಸಾವನದುರ್ಗವನ್ನ ಹಿಡಿಯಿತು, ಅದರ ಬೆನ್ನಿಗೆ ರಾಮಗಿರಿ, ಶಿವನಗಿರಿ ಕೋಟೆಗಳನ್ನೂ ತಗೊಂಡ್ತು. ಯಾಕೆ? ಶ್ರೀರಂಗಪಟ್ಟಣಕ್ಕೆ ಹೋಗೋ ಸೈನ್ಯಕ್ಕೆ ಅಕ್ಕಿ, ಮದ್ದುಗುಂಡು ಸಾಗಿಸುವ ದಾರಿ ಈ ಬೆಟ್ಟಗಳ ನಡುವೆ ಇತ್ತು. ಬೆಟ್ಟ ಯಾರ ಕೈಲಿದೆಯೋ ದಾರಿ ಅವರ ಕೈಲಿ. ಆ ಯುದ್ಧದ ಇಂಗ್ಲಿಷ್ ಬರಹಗಳಲ್ಲಿ ಟಿಪ್ಪುವಿನ ಬಿಡಿ ಕುದುರೆ ಸವಾರರಿಗೆ ‘ಲೂಟಿ’ಗಳು ಅಂತ ಹೆಸರು. ಲೂಟಿ ಮಾಡೋರು ಅಂತ. ಮೈಸೂರಿನ ಲೆಕ್ಕದಲ್ಲಿ ಅವರು ಸೈನಿಕರು. ಅದೇ ವರ್ಷ ಮರಾಠರ ಸೈನ್ಯದ ಜೊತೆ ಬಂದ ಪಿಂಡಾರಿಗಳು ಶೃಂಗೇರಿ ಮಠವನ್ನೇ ಲೂಟಿ ಮಾಡಿದ್ರು. ಅವರು ಇಂಗ್ಲಿಷರ ಮಿತ್ರಪಕ್ಷ. ಕಳ್ಳ ಯಾರು, ಸೈನಿಕ ಯಾರು ಅನ್ನೋದು ಪುಸ್ತಕ ಬರೆದವನು ಯಾವ ಕಡೆ ಡೇರೆ ಹಾಕಿದ್ದ ಅನ್ನೋದರ ಮೇಲೆ ನಿಂತಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಅದೇ ವರ್ಷ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು ನೂರು ಮಂದಿಯನ್ನ ಬ್ರಿಟಿಷರು ಹಿಡಿದರು. ದಾರಿಹೋಕರ ಜೊತೆ ಸ್ನೇಹ ಬೆಳೆಸಿ, ಕುತ್ತಿಗೆಗೆ ಬಟ್ಟೆ ಬಿಗಿದು ಕೊಲ್ತಿದ್ದವರು. ಉತ್ತರದಲ್ಲಿ ಥಗ್, ದಕ್ಷಿಣದಲ್ಲಿ ಫಾಂಸಿಗರು. ಮರುವರ್ಷ, 1800ರಲ್ಲಿ, ದಿವಾನ್ ಪೂರ್ಣಯ್ಯ ಈ ಕಾಡುದಾರಿಯಲ್ಲಿ ಒಂದು ಪೇಟೆ ಕಟ್ಟಿಸಿದರು. ಹೆದ್ದಾರಿಗೆ ಭದ್ರತೆ ಇರಲಿ, ಜನ ನೆಲೆಸಲಿ ಅಂತ. ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿಟ್ಟರು: ಕ್ಲೋಸ್‌ಪೇಟೆ. ಅದೇ ಮುಂದೆ ರಾಮನಗರ ಆಯ್ತು. ಈಗ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಅಂತಾಗಿದೆ, ಅದು ಬೇರೆ ಜಗಳ. ಆದರೆ ಇಷ್ಟು ನೆನಪಿಡಿ: ದಾರಿಗಳ್ಳರ ಹೆದರಿಕೆ ಕಡಿಮೆ ಮಾಡೋಕೆ ಹುಟ್ಟಿದ ಊರು, 173 ವರ್ಷ ಆದಮೇಲೆ ದೇಶದ ಅತಿ ದೊಡ್ಡ ಡಕಾಯಿತನ ಅಡ್ಡಾ ಆಯ್ತು. ಸಿನಿಮಾದಲ್ಲಿ.

ಈಗ ಬಂಗಾಳಕ್ಕೆ ಹೋಗೋಣ.

1741ರಿಂದ 1751ರವರೆಗೆ, ಹತ್ತು ವರ್ಷ, ನಾಗಪುರದ ಮರಾಠಾ ಭೋಸಲೆಗಳ ಕುದುರೆ ಸವಾರರು ಬಂಗಾಳದ ಮೇಲೆ ದಾಳಿ ಮಾಡ್ತಾನೇ ಇದ್ದರು. ಸರ್ಕಾರದ ಕುದುರೆ ಹತ್ತಿ ಯುದ್ಧಕ್ಕೆ ಬರೋನು ‘ಬಾರ್ಗೀರ್’. ಬಂಗಾಳಿಗಳ ಬಾಯಲ್ಲಿ ಅದು ‘ಬೊರ್ಗಿ’. ಹಳ್ಳಿ ಸುಟ್ಟರು, ಧಾನ್ಯ ಹೊತ್ತುಕೊಂಡು ಹೋದರು, ಚೌಥ್ ಕೇಳಿದರು. ಕೊನೆಗೆ ನವಾಬ ಅಲಿವರ್ದಿ ಖಾನ್ ಒರಿಸ್ಸಾ ಬಿಟ್ಟುಕೊಟ್ಟು ರಾಜಿ ಮಾಡಿಕೊಂಡ. ಸೈನ್ಯ ಹಿಂದಕ್ಕೆ ಹೋಯ್ತು. ಆದರೆ ಜೋಗುಳದೊಳಗೆ ಬೊರ್ಗಿ ಉಳ್ಕೊಂಡ. ಇವತ್ತಿಗೂ ಬಂಗಾಳಿ ಅಜ್ಜಿಯರು ಹಾಡೋ ಒಂದು ಜೋಗುಳ ಇದೆ. ಮಗು ಮಲಗಿತು, ಕೇರಿ ಸುಮ್ಮನಾಯ್ತು, ಬೊರ್ಗಿ ಬಂದ ಅನ್ನೋದು ಅದರ ಭಾವ. ಮುಂದಕ್ಕೆ ಒಂದು ವಿಚಿತ್ರ ಚಿಂತೆ ಬರುತ್ತೆ: ಹಕ್ಕಿಗಳು ಭತ್ತ ತಿಂದುಬಿಟ್ಟಿವೆ, ಕಂದಾಯ ಎಲ್ಲಿಂದ ಕಟ್ಟೋದು?

ನೋಡಿ, ಮಗುವನ್ನ ಮಲಗಿಸೋ ಹಾಡಿನಲ್ಲಿ ಕಂದಾಯದ ಚಿಂತೆ. ತೂಗ್ತಿರೋ ತಾಯಿಗೆ ಅವತ್ತು ಇದ್ದ ತಲೆಬಿಸಿ ಅದು. ಮಗುವಿಗೆ ರಾಗ ಸಾಕು. ನಮ್ಮಲ್ಲಿ ಹೆದರಿಸೋಕೆ ‘ಗುಮ್ಮ’ ಇದ್ದಾನೆ. ಗುಮ್ಮನಿಗೆ ಊರಿಲ್ಲ, ಇಸವಿ ಇಲ್ಲ. ಬಂಗಾಳದ ಗುಮ್ಮನಿಗೆ ಎರಡೂ ಇದೆ.

ಬೊರ್ಗಿ ಹೊರಗಿನಿಂದ ಬಂದವನು. ಊರೊಳಗಿನ ಡಕಾಯಿತರ ಕಥೆ ಬೇರೆ ಥರ. ಬಂಗಾಳಿ ಮಕ್ಕಳ ಸಾಹಿತ್ಯದಲ್ಲಿ ರಘು ಡಾಕಾತ್ ಅಂತ ಒಬ್ಬ ಬರ್ತಾನೆ. ಮನೆ ದೋಚೋಕೆ ಮುಂಚೆ ಕಾಗದ ಬರೆದು ತಿಳಿಸ್ತಾನಂತೆ, ಇಂಥ ರಾತ್ರಿ ಬರ್ತೀನಿ ಅಂತ. ಹೊರಡೋಕೆ ಮುಂಚೆ ಕಾಳಿ ಪೂಜೆ. ದೋಚೋದು ಜಮೀನ್ದಾರನ ಮನೆ, ಹಂಚೋದು ಬಡವರಿಗೆ. ಇನ್ನೊಬ್ಬ ಬಿಶೆ ಡಾಕಾತ್, ಅಂದರೆ ವಿಶ್ವನಾಥ ಸರ್ದಾರ್. ಇವನು ಬರೀ ದಂತಕಥೆಯಲ್ಲ. ನದಿಯಾ ಜಿಲ್ಲೆಯಲ್ಲಿ ನೀಲಿ ಬೆಳೆಸುವ ಇಂಗ್ಲಿಷ್ ಸಾಹೇಬರ ಮೇಲೆ ಬಿದ್ದು, 1808ರ ಹೊತ್ತಿಗೆ ಗಲ್ಲಿಗೇರಿದವನು. ಈ ಡಕಾಯಿತರು ‘ರಣ್‌ಪಾ’ ಕಟ್ಟಿಕೊಂಡು, ಅಂದರೆ ನಮ್ಮ ಮರಗಾಲು ಕಟ್ಟಿಕೊಂಡು, ಗದ್ದೆ ಕೆಸರು ದಾಟಿ ಒಂದೇ ರಾತ್ರಿಯಲ್ಲಿ ಹರದಾರಿಗಟ್ಟಲೆ ಓಡ್ತಿದ್ದರು ಅನ್ನೋ ವರ್ಣನೆ ಬಂಗಾಳಿ ಹುಡುಗರಿಗೆ ಬಾಯಿಪಾಠ. ‘ಶಿಶು ಭಾರತಿ’ ಅನ್ನೋ ಮಕ್ಕಳ ವಿಶ್ವಕೋಶ ತಂದ ಜೋಗೇಂದ್ರನಾಥ ಗುಪ್ತ ‘ಬಾಂಗ್ಲಾರ್ ಡಾಕಾತ್’ ಅಂತ ಒಂದು ಪುಸ್ತಕವನ್ನೇ ಬರೆದರು. ಮಕ್ಕಳಿಗೆ ವಿಜ್ಞಾನ ಕೊಟ್ಟ ಕೈಯೇ ಡಕಾಯಿತರನ್ನೂ ಕೊಡ್ತು.

ರವೀಂದ್ರನಾಥ ಟ್ಯಾಗೋರರೂ ಬಿಟ್ಟಿಲ್ಲ. 1903ರ ಅವರ ‘ಶಿಶು’ ಸಂಕಲನದಲ್ಲಿ ‘ವೀರಪುರುಷ’ ಅನ್ನೋ ಪದ್ಯ ಇದೆ. ಅಮ್ಮ ಪಲ್ಲಕ್ಕಿಯಲ್ಲಿ, ಮಗ ಪಕ್ಕದಲ್ಲಿ ಕುದುರೆ ಮೇಲೆ. ಮುಸ್ಸಂಜೆ, ಬಯಲು, ಡಕಾಯಿತರು ಕೂಗ್ತಾ ಬರ್ತಾರೆ. ಪಲ್ಲಕ್ಕಿ ಹೊತ್ತವರು ಪೊದೆ ಸೇರ್ತಾರೆ. ಪುಟ್ಟ ಹುಡುಗ ಒಬ್ಬನೇ ಹೊಡೆದಾಡಿ ಗೆಲ್ತಾನೆ. ಎಲ್ಲ ಅವನ ಕಲ್ಪನೆ. ದಿನಾ ಏನೇನೋ ಆಗುತ್ತೆ, ಇಂಥದ್ದು ಮಾತ್ರ ಯಾಕೆ ನಿಜವಾಗಿ ಆಗಲ್ಲ ಅನ್ನೋದು ಅವನ ಬೇಜಾರು. ನನಗೆ ಈ ಪದ್ಯದಲ್ಲಿ ಇಷ್ಟ ಆಗೋದು ಆ ಬೇಜಾರು. 1903ರ ಹೊತ್ತಿಗೆ ಡಕಾಯಿತ ಎಷ್ಟು ದೂರ ಸರಿದಿದ್ದ ಅಂದ್ರೆ, ಅವನು ಬರಲಿಲ್ಲ ಅಂತ ಮಗು ಕೊರಗ್ತಿತ್ತು.

ಇವೆಲ್ಲ ಕನ್ನಡಕ್ಕೆ ಸಂಬಂಧವೇ ಇಲ್ಲದ ಮಾತು ಅಂದ್ಕೋಬೇಡಿ. ಬಂಕಿಮಚಂದ್ರರು 1884ರಲ್ಲಿ ‘ದೇವಿ ಚೌಧುರಾಣಿ’ ಪ್ರಕಟಿಸಿದರು. ಮಾವ ಮನೆಯಿಂದ ಹೊರಹಾಕಿದ ಪ್ರಫುಲ್ಲ ಅನ್ನೋ ಹುಡುಗಿ ಭವಾನಿ ಪಾಠಕನ ಕೈಲಿ ಪಳಗಿ ಡಕಾಯಿತರ ರಾಣಿ ಆಗ್ತಾಳೆ. ಇದನ್ನ ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದರು. ನಮ್ಮ ಮುತ್ತಾತಂದಿರ ಕಾಲದಲ್ಲಿ ಕಾದಂಬರಿ ಓದೋ ಚಟ ಹಿಡಿಸಿದ್ದೇ ವೆಂಕಟಾಚಾರ್ಯರ ಈ ಬಂಗಾಳಿ ಅನುವಾದಗಳು. ಬರೆದ ಬಂಕಿಮರು ಬ್ರಿಟಿಷ್ ಸರ್ಕಾರದ ಡೆಪ್ಯುಟಿ ಮ್ಯಾಜಿಸ್ಟ್ರೇಟ್. ಅನುವಾದಿಸಿದ ವೆಂಕಟಾಚಾರ್ಯರು ಮೈಸೂರು ಸಂಸ್ಥಾನದ ನ್ಯಾಯಾಂಗದಲ್ಲಿದ್ದವರು. ಹಗಲು ಕಳ್ಳರಿಗೆ ಶಿಕ್ಷೆ ಬರೆಯೋರು, ರಾತ್ರಿ ಕಳ್ಳರ ರಾಣಿಗೆ ಕಿರೀಟ ಇಟ್ಟರು. ಕೊನೆಯಲ್ಲಿ ಮಾತ್ರ ಬಂಕಿಮರು ಅವಳನ್ನ ಗಂಡನ ಮನೆಗೇ ವಾಪಸ್ ಕಳಿಸಿ ಕೊಳದ ಕಟ್ಟೆಯಲ್ಲಿ ಪಾತ್ರೆ ತೊಳೆಸ್ತಾರೆ. ಈಗಿನ ಓದುಗರಿಗೆ ಆ ಕೊನೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ನನಗಂತೂ ಹೌದು.

ಸರಿ, ಕಥೆಗಳು ಚೆನ್ನಾಗಿವೆ. ಆದರೆ ಇದರಲ್ಲಿ ಒಂದು ಪಾತ್ರ ಕಾಣಲ್ಲ. ಡಕಾಯಿತನ ಮಗು.

1770ರಲ್ಲಿ ಬಂಗಾಳದಲ್ಲಿ ಭೀಕರ ಕ್ಷಾಮ. ಲಕ್ಷಗಟ್ಟಲೆ ಜನ ಸತ್ತರು. ಕಂದಾಯ ವಸೂಲಿ ಮಾತ್ರ ನಿಲ್ಲಲಿಲ್ಲ. ಹೊಲ ಬಿಟ್ಟವರು, ಕೆಲಸ ಹೋದ ಜಮೀನ್ದಾರರ ಕಾಲಾಳುಗಳು, ಫಕೀರರು, ಸನ್ಯಾಸಿಗಳು ಗುಂಪು ಕಟ್ಟಿದರು. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಸರ್ಕಾರ ಒಂದು ಕಾಯ್ದೆ ಮಾಡಿತು. ಡಕಾಯಿತ ಸಿಕ್ಕಿದರೆ ಅವನ ಊರಲ್ಲೇ ಗಲ್ಲು. ಊರಿಗೆ ದಂಡ. ಮತ್ತೆ ಅವನ ಹೆಂಡತಿ, ಮಕ್ಕಳು, ಇಡೀ ಸಂಸಾರ ಸರ್ಕಾರದ ಗುಲಾಮರು. ಇದು ಕಥೆಯಲ್ಲ, ಕಂಪನಿ ಸರ್ಕಾರದ ಬರೆದಿಟ್ಟ ಕಾಯ್ದೆ. ರಘು ಡಾಕಾತ್‌ನ ಕಾಗದ ಮಕ್ಕಳ ಪುಸ್ತಕದಲ್ಲಿದೆ. ಈ ಕಾಗದ ಇಲ್ಲ.

ಇಲ್ಲಿ ನಮಗೆಲ್ಲ ಚಿಕ್ಕಂದಿನಿಂದ ಗೊತ್ತಿರೋ ಒಂದು ಕಥೆ ನೆನಪಾಗುತ್ತೆ. ಕಾಡಲ್ಲಿ ದಾರಿಹೋಕರನ್ನ ದೋಚೋ ರತ್ನಾಕರ, ನಾರದರು ಸಿಕ್ತಾರೆ, ನಿನ್ನ ಪಾಪದಲ್ಲಿ ಹೆಂಡತಿ ಮಕ್ಕಳು ಪಾಲು ತಗೊತಾರಾ ಕೇಳ್ಕೊಂಡು ಬಾ ಅಂತಾರೆ. ಮನೆಯವರು ಇಲ್ಲ ಅಂತಾರೆ. ಅವನು ತಪಸ್ಸಿಗೆ ಕೂತು ವಾಲ್ಮೀಕಿ ಆಗ್ತಾನೆ. ಒಂದು ವಿಷಯ ಹೇಳಲೇಬೇಕು: ಈ ದರೋಡೆಕೋರನ ಕಥೆ ವಾಲ್ಮೀಕಿ ರಾಮಾಯಣದಲ್ಲಿ ಇಲ್ಲ. ಆಮೇಲಿನ ಗ್ರಂಥಗಳಲ್ಲಿ ಸೇರಿಕೊಂಡಿದ್ದು. ನಮ್ಮ ರಾಜ್ಯದ ವಾಲ್ಮೀಕಿ ಸಮುದಾಯದವರು ಇದಕ್ಕೆ ಆಕ್ಷೇಪ ಎತ್ತುತ್ತಾ ಬಂದಿದ್ದಾರೆ, ನಮ್ಮ ಕುಲದ ಹಿರಿಯನನ್ನ ಕಳ್ಳ ಅಂತ ಮಕ್ಕಳಿಗೆ ಕಲಿಸಬೇಡಿ ಅಂತ. ಅದು ನ್ಯಾಯವಾದ ಮಾತು. ಆದರೆ ಕಥೆಯನ್ನ ಕಥೆಯಾಗಿ ನೋಡಿದರೆ, ಡಕಾಯಿತನ ಮಕ್ಕಳಿಗೆ ಬಾಯಿ ಇರೋ ಕಥೆ ನನಗೆ ಗೊತ್ತಿರೋ ಹಾಗೆ ಇದೊಂದೇ. ಅವರು ಹೇಳಿದ್ದು: ಅಪ್ಪನ ಪಾಪ ನಮ್ಮದಲ್ಲ. ಹೇಸ್ಟಿಂಗ್ಸ್ ಹೇಳಿದ್ದು: ನಿಮ್ಮದೇ.

ಇದು ಬಂಗಾಳದಲ್ಲಿ ಮುಗಿಯಲಿಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಇಡೀ ಜಾತಿಗಳನ್ನ ಹುಟ್ಟುಗಳ್ಳರು ಅಂತ ಪಟ್ಟಿ ಮಾಡಿತು. 1897ರ ತಿದ್ದುಪಡಿ 4ರಿಂದ 18 ವರ್ಷದ ಮಕ್ಕಳನ್ನ ತಂದೆ ತಾಯಿಯಿಂದ ಬೇರೆ ಮಾಡಿ ಸುಧಾರಣಾ ಕೇಂದ್ರಕ್ಕೆ ಹಾಕೋ ಅಧಿಕಾರ ಕೊಟ್ಟಿತು. ನಾಲ್ಕು ವರ್ಷದ ಮಗು! ಅಂಗನವಾಡಿಗೆ ಹೋಗೋ ವಯಸ್ಸು. ಹುಬ್ಬಳ್ಳಿಯವರಿಗೆ ಗೊತ್ತು, ಅಲ್ಲಿ ‘ಸೆಟ್ಲ್‌ಮೆಂಟ್’ ಅನ್ನೋ ಪ್ರದೇಶ ಇದೆ. ಬಹಳ ಜನಕ್ಕೆ ಅದು ಬರೀ ಬಡಾವಣೆಯ ಹೆಸರು. ಅದು ಬಾಂಬೆ ಪ್ರಾಂತ್ಯದ ಕಾಲದಲ್ಲಿ ಇದೇ ಕಾಯ್ದೆ ಅಡಿಯಲ್ಲಿ ಅಲೆಮಾರಿ ಕುಟುಂಬಗಳನ್ನ ಕೂಡಿಹಾಕಿದ ಜಾಗ. ಹಾಜರಿ ಕೊಡಬೇಕು, ಪಾಸ್ ಇಲ್ಲದೆ ಹೊರಗೆ ಕಾಲಿಡೋ ಹಾಗಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದು 1947ರ ಆಗಸ್ಟ್ 15. ಇವರ ಹೆಸರು ಪಟ್ಟಿಯಿಂದ ಹೋಗಿದ್ದು 1952ರ ಆಗಸ್ಟ್ 31. ಆ ಸಮುದಾಯಗಳು ಈಗಲೂ ಆಗಸ್ಟ್ 31ನ್ನೇ ವಿಮುಕ್ತ ದಿನ ಅಂತ ಆಚರಿಸ್ತಾರೆ.

ಕೆಲವರ ಹಣೆಪಟ್ಟಿ ಬದಲಾಯ್ತು, ಅದನ್ನೂ ಹೇಳಬೇಕು. ಸಂಗೊಳ್ಳಿ ರಾಯಣ್ಣನನ್ನ 1831ರಲ್ಲಿ ನಂದಗಡದಲ್ಲಿ ಗಲ್ಲಿಗೆ ಹಾಕಿದಾಗ ಸರ್ಕಾರದ ಕಣ್ಣಿಗೆ ಅವನು ಖಜಾನೆ ದೋಚಿ ಕಚೇರಿ ಸುಟ್ಟ ಅಪರಾಧಿ. ಲಾವಣಿ ಹಾಡೋರು ಮೊದಲ ದಿನದಿಂದಲೂ ಅದನ್ನ ಒಪ್ಪಲಿಲ್ಲ. 1857ರಲ್ಲಿ ಆಯುಧ ಕೊಡಲ್ಲ ಅಂತ ನಿಂತ ಹಲಗಲಿಯ ಬೇಡರ ಕಥೆಯೂ ಹಾಗೇ. ಆ ಲಾವಣಿಗಳನ್ನ ಬರೆದಿಟ್ಟು ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್, ಅವನೂ ಬ್ರಿಟಿಷ್ ಅಧಿಕಾರಿಯೇ. ಇವತ್ತು ರಾಯಣ್ಣ ಶಾಲೆ ಮಕ್ಕಳ ಛದ್ಮವೇಷದಲ್ಲಿ ಇದ್ದಾನೆ. ಅದೇ ಛದ್ಮವೇಷದಲ್ಲಿ ಗಬ್ಬರ್ ಕೂಡ ಇರ್ತಾನೆ, ಮೂರನೇ ಸಾಲಿನಲ್ಲಿ, ಕಾಡಿಗೆಯಲ್ಲಿ ಬಳಿದ ಗಡ್ಡ ಹಾಕ್ಕೊಂಡು.

ಗಬ್ಬರ್ ಹತ್ರ ಬಂದ್ವಿ. ಈಗ ಆ ಬಂಗಾಳಿ ಪುಸ್ತಕ.

ತರುಣ್ ಕುಮಾರ್ ಭಾದುರಿ ಅಂತ ಒಬ್ಬ ಪತ್ರಕರ್ತರು, ಭೋಪಾಲದಲ್ಲಿದ್ದವರು. ಚಂಬಲ್ ಕಣಿವೆಯ ಡಕಾಯಿತರ ಬಗ್ಗೆ ಬಂಗಾಳಿಯಲ್ಲಿ ‘ಅಭಿಶಪ್ತ ಚಂಬಲ್’ ಅನ್ನೋ ಪುಸ್ತಕ ಬರೆದರು. ಅಭಿಶಪ್ತ ಅಂದ್ರೆ ಶಾಪಗ್ರಸ್ತ. ಈ ಭಾದುರಿ ಅವರ ಮಗಳು ಜಯಾ. ಹೌದು, ‘ಶೋಲೆ’ಯಲ್ಲಿ ಬಿಳಿ ಸೀರೆ ಉಟ್ಟು ದೀಪ ಆರಿಸ್ತಾ ಹೋಗೋ ರಾಧಾ, ಜಯಾ ಭಾದುರಿ. ಗಬ್ಬರ್ ಪಾತ್ರ ಸಿಕ್ಕಾಗ ಅಮ್ಜದ್ ಖಾನ್ ಹೆಚ್ಚುಕಮ್ಮಿ ಹೊಸಬ. ಡಕಾಯಿತ ಹೇಗೆ ನಡೀತಾನೆ, ಹೇಗೆ ಮಾತಾಡ್ತಾನೆ ಅಂತ ತಿಳ್ಕೊಳ್ಳೋಕೆ ಅವರು ಓದಿಕೊಂಡಿದ್ದು ಇದೇ ಪುಸ್ತಕವನ್ನ. ಅಂದರೆ ಬಂಗಾಳದ ಡಕಾಯಿತ ಕಥನದ ಪರಂಪರೆ ಚಂಬಲ್ ಸುತ್ತಿ, ಬಾಂಬೆ ಹಾದು, ನಮ್ಮ ರಾಮದೇವರ ಬೆಟ್ಟ ಹತ್ತಿತು.

ನಿಜವಾದ ಗಬ್ಬರ್ ಸಿಂಗ್ ಮಧ್ಯಪ್ರದೇಶದ ಭಿಂಡ್ ಜಿಲ್ಲೆಯವನು. ಹಳ್ಳಿಯವರ ಮೂಗು ಕತ್ತರಿಸೋದು ಅವನ ಕುಖ್ಯಾತಿ. 1959ರ ನವೆಂಬರ್ 13ರಂದು ಪೊಲೀಸರ ಗುಂಡಿಗೆ ಸತ್ತ. ಆಗ ಮಧ್ಯಪ್ರದೇಶ ಪೊಲೀಸ್ ಮುಖ್ಯಸ್ಥರಾಗಿದ್ದ ಕೆ.ಎಫ್. ರುಸ್ತುಂಜಿ ಈ ಸುದ್ದಿಯನ್ನ ಪ್ರಧಾನಿ ನೆಹರು ಅವರಿಗೆ ಹುಟ್ಟುಹಬ್ಬದ ಉಡುಗೊರೆ ಅಂತ ಕೊಟ್ಟರಂತೆ. ನೆಹರು ಹುಟ್ಟುಹಬ್ಬ ಯಾವತ್ತು? ನವೆಂಬರ್ 14. ಮಕ್ಕಳ ದಿನ.

1973ರ ಅಕ್ಟೋಬರ್‌ನಲ್ಲಿ ಚಿತ್ರೀಕರಣ ಶುರು. ರಾಮದೇವರ ಬೆಟ್ಟದ ಬುಡದಲ್ಲಿ ಕಲಾ ನಿರ್ದೇಶಕ ರಾಮ್ ಯೇಡೇಕರ್ ‘ರಾಮಗಢ’ ಅನ್ನೋ ಇಡೀ ಹಳ್ಳಿಯನ್ನೇ ಕಟ್ಟಿದರು. ಹೆದ್ದಾರಿಯಿಂದ ಅಲ್ಲಿಗೆ ರಸ್ತೆ ಮಾಡಿಸಿದರು. ಬಹಳ ಕಾಲ ಕೆಲಸ ನಡೆಯಿತು. ಆ ಜಾಗಕ್ಕೆ ಸ್ವಲ್ಪ ಕಾಲ ‘ಸಿಪ್ಪಿ ನಗರ’ ಅಂತಲೇ ಹೆಸರಿತ್ತು. ರೈಲು ದರೋಡೆಯ ದೃಶ್ಯ ಮಾತ್ರ ಇಲ್ಲಿಯದಲ್ಲ, ಅದು ಬಾಂಬೆ–ಪುಣೆ ಲೈನಿನ ಪನ್ವೇಲ್ ಹತ್ತಿರದ್ದು. ಹಾಗಾಗಿ ರಾಮನಗರ ಸ್ಟೇಷನ್ನಲ್ಲಿ ಸೆಲ್ಫಿ ತಗೊಂಡು ಇಲ್ಲೇ ವೀರು ಜಿಗಿದಿದ್ದು ಅಂತ ಹಾಕ್ಬೇಡಿ.

ಸಿನಿಮಾದಲ್ಲಿ ಗಬ್ಬರ್‌ನ ಕಡೆಯವರು ಹಳ್ಳಿಗೆ ಬರೋದು ಯಾಕೆ ಅಂತ ಗಮನಿಸಿ. ಚಿನ್ನ ಕೇಳೋಕಲ್ಲ. ಧಾನ್ಯ ಕೇಳೋಕೆ. ಬೊರ್ಗಿ ಬಂದಾಗ ಬಂಗಾಳದ ತಾಯಿಗೆ ಇದ್ದ ಚಿಂತೆ ಇಲ್ಲೂ ಅದೇ, ಕಣಜ. ಆದರೆ ಮಕ್ಕಳ ನೆನಪಲ್ಲಿ ಆ ಚೀಲ ಉಳಿಯಲಿಲ್ಲ, ನಗು ಉಳಿಯಿತು. ಸಿನಿಮಾದ ಸಂಭಾಷಣೆಯನ್ನೇ ಗ್ರಾಮಫೋನ್ ರೆಕಾರ್ಡ್ ಮಾಡಿ ಮಾರಿದರು. ಹಾಡಲ್ಲ, ಬರೀ ಮಾತು. ಮದುವೆ ಮನೆ, ಗಣೇಶನ ಪೆಂಡಾಲ್, ಎಲ್ಲ ಕಡೆ ಅದನ್ನ ಹಾಕ್ತಿದ್ದರು. ಹಿಂದಿ ಬಾರದ ಹುಡುಗರಿಗೂ ಬಾಯಿಪಾಠ. ನನ್ನ ಪ್ರಕಾರ ಆ ತಲೆಮಾರಿನ ಮಕ್ಕಳ ಸಾಹಿತ್ಯ ಅದೇ: ಓದಿದ್ದಲ್ಲ, ಕೇಳಿದ್ದು. ಒಂಥರಾ ಅವತ್ತಿನ ಪಾಡ್‌ಕಾಸ್ಟ್. ಆಮೇಲೆ ಬ್ರಿಟಾನಿಯಾ ಗ್ಲೂಕೋಸ್ ಬಿಸ್ಕತ್ತಿನ ಜಾಹೀರಾತಿಗೆ ಅಮ್ಜದ್ ಖಾನ್ ಗಬ್ಬರ್ ವೇಷದಲ್ಲೇ ಬಂದರು. ಮಕ್ಕಳನ್ನ ಹೆದರಿಸಿ ಮಲಗಿಸ್ತೀನಿ ಅಂದವನು ಮಕ್ಕಳಿಗೆ ಬಿಸ್ಕತ್ತು ಮಾರಿದ. ಈಗ ವಾಟ್ಸಾಪ್ ಸ್ಟಿಕ್ಕರ್ ಆಗಿದ್ದಾನೆ, ಗುಡ್ ಮಾರ್ನಿಂಗ್ ಹೇಳ್ತಾನೆ.

ಇನ್ನು ಕೊನೆಯ ದೃಶ್ಯ. ಮೊದಲು ತೆಗೆದ ಪ್ರಕಾರ, ಕೈ ಕಳ್ಕೊಂಡ ಠಾಕೂರ್ ಮುಳ್ಳಿನ ಅಟ್ಟೆಯ ಬೂಟಿನಿಂದ ಗಬ್ಬರ್‌ನನ್ನ ತುಳಿದು ಕೊಲ್ತಾನೆ. 1975ರ ಜೂನ್ ಕೊನೆಯಲ್ಲಿ ತುರ್ತು ಪರಿಸ್ಥಿತಿ ಬಂತು. ಸೆನ್ಸಾರ್ ಮಂಡಳಿ ಇದಾಗಲ್ಲ ಅಂದಿತು. ಮಾಜಿ ಪೊಲೀಸ್ ಅಧಿಕಾರಿ ಕಾನೂನನ್ನ ಕಾಲಿಗೆ ತಗೊಳ್ಳೋದು ಬೇಡ, ಪೊಲೀಸರೇ ಬಂದು ಹಿಡಿಯಲಿ. ದೃಶ್ಯವನ್ನ ಮತ್ತೆ ತೆಗೆದು ಆಗಸ್ಟ್ 15ಕ್ಕೆ ಬಿಡುಗಡೆ ಮಾಡಿದರು. ತೀರ್ಪಿಲ್ಲದೆ ಸಾವಿರಾರು ಜನರನ್ನ ಜೈಲಿಗೆ ಹಾಕಿದ್ದ ಸರ್ಕಾರ, ಗಬ್ಬರ್‌ಗೆ ಮಾತ್ರ ಕಾನೂನು ಪ್ರಕಾರವೇ ನಡೀಬೇಕು ಅಂತ ಹಠ ಹಿಡೀತು.

ಹಾಗಾದರೆ ನಿಜವಾದ ಚಂಬಲ್‌ನಲ್ಲಿ ಕೊನೆಯ ದೃಶ್ಯ ಏನಾಯ್ತು? ಅಲ್ಲಿ ಒಬ್ಬ ಬೆಂಗಳೂರಿನವರು ಇದ್ದರು.

ಸೇಲಂ ನಂಜುಂಡಯ್ಯ ಸುಬ್ಬರಾವ್. 1929ರಲ್ಲಿ ಬೆಂಗಳೂರಲ್ಲಿ ಹುಟ್ಟಿದವರು. 1942ರಲ್ಲಿ, ಹದಿಮೂರನೇ ವಯಸ್ಸಿಗೆ, ಕ್ವಿಟ್ ಇಂಡಿಯಾ ಅಂತ ಬರೆದು ಪೊಲೀಸರ ಕೈಗೆ ಸಿಕ್ಕಿದ್ದರು. ಆಮೇಲೆ ಸೇವಾದಳ, ಯುವಜನರ ಶಿಬಿರ. ಯಾವಾಗಲೂ ಖಾದಿ ಶರ್ಟು, ಖಾದಿ ಚಡ್ಡಿ. ಎಲ್ಲರ ಬಾಯಲ್ಲಿ ‘ಭಾಯೀಜಿ’. ಚಂಬಲ್‌ನ ಜೌರಾದಲ್ಲಿ ಮಹಾತ್ಮ ಗಾಂಧಿ ಸೇವಾಶ್ರಮ ಕಟ್ಟಿದರು. ವಿನೋಬಾ ಭಾವೆ 1960ರಲ್ಲೇ ಅಲ್ಲಿ ನಡೆದು ಹೋಗಿ ಒಂದಷ್ಟು ಡಕಾಯಿತರಿಂದ ಬಂದೂಕು ಕೆಳಗಿಡಿಸಿದ್ದರು. 1972ರ ಏಪ್ರಿಲ್‌ನಲ್ಲಿ ಅದೇ ಜೌರಾದಲ್ಲಿ, ಜಯಪ್ರಕಾಶ ನಾರಾಯಣ ಮತ್ತು ಅವರ ಪತ್ನಿ ಪ್ರಭಾವತಿ ಅವರ ಎದುರು, ಗಾಂಧಿ ಚಿತ್ರದ ಮುಂದೆ, ಮೋಹರ್ ಸಿಂಗ್, ಮಾಧೋ ಸಿಂಗ್ ಥರದ ತಲೆಗೆ ಬೆಲೆ ಕಟ್ಟಿದ್ದ ಸರದಾರರು ಶರಣಾದರು. ಆ ವರ್ಷ ಬಂದೂಕು ಇಟ್ಟವರು ನೂರಾರು ಮಂದಿ. ಮಾಫಿ ಅಲ್ಲ, ಕೇಸು ನಡೆಯಿತು, ಶಿಕ್ಷೆ ಆಯ್ತು. ಆದರೆ ಗಲ್ಲು ಬೇಡ ಅನ್ನೋ ಭರವಸೆ ಇತ್ತು. ಮುಂಗಾವಲಿಯಲ್ಲಿ ಬಯಲು ಜೈಲು ತೆರೆದರು, ಅಲ್ಲಿ ಹೊಲ ಉತ್ತು ಶಿಕ್ಷೆ ಮುಗಿಸಿದರು.

ಇಸವಿ ಗಮನಿಸಿ. ಶರಣಾಗತಿ 1972ರಲ್ಲಿ. ಶೋಲೆ ಚಿತ್ರೀಕರಣ 1973ರಲ್ಲಿ. ಕನ್ನಡಿಗರೊಬ್ಬರು ಚಂಬಲ್‌ಗೆ ಹೋಗಿ ಡಕಾಯಿತರ ಕೈಯಿಂದ ಬಂದೂಕು ಇಳಿಸಿದ ಮರುವರ್ಷ, ಬಾಂಬೆಯವರು ಚಂಬಲ್‌ನ ಡಕಾಯಿತನನ್ನ ಕನ್ನಡ ನಾಡಿಗೆ ತಂದು ಬಂಡೆ ಮೇಲೆ ಕೂರಿಸಿದರು. ಒಬ್ಬರ ಕಥೆ ಮೂರು ವರ್ಷದ ಮಗುವಿಗೂ ಗೊತ್ತು. ಸುಬ್ಬರಾವ್ 2021ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಬೆಂಗಳೂರಿನ ಎಷ್ಟು ಜನಕ್ಕೆ ಅವರು ನಮ್ಮೂರಿನವರು ಅಂತ ಗೊತ್ತಿತ್ತು, ನೀವೇ ಯೋಚನೆ ಮಾಡಿ. ಅಂತ್ಯಕ್ರಿಯೆ ನಡೆದದ್ದು ಜೌರಾದ ಆಶ್ರಮದಲ್ಲೇ.

ಆ ಶರಣಾಗತಿಯಿಂದ ಎಲ್ಲ ಸರಿಹೋಯ್ತು ಅಂತ ನಾನು ಹೇಳಲ್ಲ. ಡಕಾಯಿತರ ಕೈಲಿ ಸತ್ತವರ ಮನೆಯವರಿಗೆ ಸರದಾರರ ಕೊರಳಿಗೆ ಬಿದ್ದ ಹಾರ ಹೇಗೆ ಕಂಡಿರಬೇಕು? ಚಂಬಲ್‌ನಲ್ಲಿ ಹೊಸ ಗ್ಯಾಂಗುಗಳೂ ಹುಟ್ಟಿಕೊಂಡವು. ಆದರೂ ತಂದೆ ಎನ್‌ಕೌಂಟರ್‌ನಲ್ಲಿ ಬಿದ್ದ ಮಗು ಬಂದೂಕು ಎತ್ತಿಕೊಳ್ಳೋ ಕಣಿವೆಯಲ್ಲಿ, ತಂದೆ ಜೈಲಿಂದ ವಾಪಸ್ ಮನೆಗೆ ಬಂದಿದ್ದನ್ನ ನೋಡಿದ ಮಕ್ಕಳೂ ಒಂದಷ್ಟು ಇದ್ದರು.

ನಮ್ಮ ಮನೆ ಬಾಗಿಲಿನ ಕಥೆಯನ್ನೂ ಬಿಡೋ ಹಾಗಿಲ್ಲ. ಕನಕಪುರದಿಂದ ದಕ್ಷಿಣಕ್ಕೆ ಸಂಗಮ ದಾಟಿದರೆ ಕಾವೇರಿ ಕಾಡು. ಅದೇ ಹೊಳೆ ಸಾಲಿನ ಗೋಪಿನಾಥಂನಲ್ಲಿ ಹುಟ್ಟಿದವನು ವೀರಪ್ಪನ್. 1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರ ನೆಲಬಾಂಬ್ ಸಿಡಿಸಿ 22 ಜನರನ್ನ ಕೊಂದ. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನ ಎತ್ತಿಕೊಂಡು ಹೋದ, 108 ದಿನ ಇಟ್ಟುಕೊಂಡ. 2002ರಲ್ಲಿ ಅಪಹರಿಸಿದ ಮಾಜಿ ಸಚಿವ ಎಚ್. ನಾಗಪ್ಪ ಹೆಣವಾಗಿ ಸಿಕ್ಕರು. ಇಂಥವನನ್ನ ರಾಬಿನ್‌ಹುಡ್ ಮಾಡೋ ರೀಲ್ಸ್ ನಿಮ್ಮ ಫೋನಿಗೂ ಬಂದಿರುತ್ತೆ, ಹಿಂದೆ ಮಾಸ್ ಬಿಜಿಎಂ ಹಾಕಿ. ನೋಡುವಾಗ ಆ 22ರ ಲೆಕ್ಕ ನೆನಪಿರಲಿ. ಅದರ ಜೊತೆ ಇನ್ನೊಂದೂ ನೆನಪಿರಲಿ: ಅವನನ್ನ ಹುಡುಕೋ ನೆಪದಲ್ಲಿ ಕಾಡಂಚಿನ ಹಳ್ಳಿಗಳ ಬಡವರು ಕಾರ್ಯಪಡೆಯ ಕೈಲಿ ಅನುಭವಿಸಿದ್ದು. ಮಾನವ ಹಕ್ಕು ಆಯೋಗ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಅವರ ಹೇಳಿಕೆ ಕೇಳಿತು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಅಂತ ಆಯೋಗ ಹೇಳಿತು. ಆ ಹಳ್ಳಿಗಳ ಮಕ್ಕಳಿಗೆ ಗುಮ್ಮ ಎರಡು ಕಡೆಯಿಂದ ಬರ್ತಿದ್ದ. ಒಬ್ಬ ಕಾಡಿನಿಂದ, ಇನ್ನೊಬ್ಬ ಜೀಪಿನಿಂದ.

ವೀರಪ್ಪನ್ 2004ರ ಅಕ್ಟೋಬರ್ 18ರಂದು ಸತ್ತ. ಅವನ ಮಗಳು ವಿದ್ಯಾರಾಣಿ ವಕೀಲಿ ಓದಿ, 2024ರ ಲೋಕಸಭೆ ಚುನಾವಣೆಯಲ್ಲಿ ಕೃಷ್ಣಗಿರಿಯಿಂದ ಸ್ಪರ್ಧಿಸಿದರು. ಗೆಲ್ಲಲಿಲ್ಲ. ಪತ್ರಿಕೆಗಳ ಶೀರ್ಷಿಕೆಯಲ್ಲಿ ಅವರ ಹೆಸರಿಗಿಂತ ಮುಂಚೆ ಬಂದಿದ್ದು ಅಪ್ಪನ ಹೆಸರು. ನಾನೂ ಈಗ ಅದೇ ಕ್ರಮದಲ್ಲೇ ಹೇಳಿದ್ದು, ಬೇರೆ ಥರ ಹೇಳಿದ್ರೆ ಯಾರು ಅಂತ ನಿಮಗೆ ಗೊತ್ತಾಗ್ತಿರಲಿಲ್ಲ.

ಮುಗಿಸೋ ಮುಂಚೆ ಶೋಲೆ ನೋಡಿದವರಿಗೆ ಒಂದು ಸುದ್ದಿ. 2025ಕ್ಕೆ ಸಿನಿಮಾಗೆ ಐವತ್ತು ವರ್ಷ ತುಂಬಿತು. ಹಳೇ ರೀಲುಗಳನ್ನ ಶುದ್ಧ ಮಾಡಿ, ಸೆನ್ಸಾರ್ ಕಿತ್ತಿದ್ದ ಮೂಲ ಕೊನೆಯನ್ನೇ ಸೇರಿಸಿ, ಆ ವರ್ಷದ ಜೂನ್‌ನಲ್ಲಿ ಇಟಲಿಯ ಬೊಲೋನ್ಯ ಚಿತ್ರೋತ್ಸವದಲ್ಲಿ ತೋರಿಸಿದರು. ಅದರಲ್ಲಿ ಪೊಲೀಸರು ಬರಲ್ಲ, ಗಬ್ಬರ್ ಸಾಯ್ತಾನೆ. ಆ ಬಂಡೆಗಳ ಜಾಗ 2012ರಿಂದ ರಣಹದ್ದುಗಳ ಧಾಮ. ಹೋದರೆ ಡೈಲಾಗ್ ಕೂಗ್ಬೇಡಿ, ಮೇಲೆ ಗೂಡಲ್ಲಿ ಮರಿ ಇರಬಹುದು.

ಮತ್ತೆ ನಮಗೊಂದು ಕೆಲಸ ಮಾಡಿಕೊಡಿ. ಕೂಟಗಲ್, ಮಾಗಡಿ, ಚನ್ನಪಟ್ಟಣ, ಕನಕಪುರ, ಎಲ್ಲಿಯವರಾದರೂ ಸರಿ: ನಿಮ್ಮಜ್ಜಿ ಚಿಕ್ಕೋರಿದ್ದಾಗ ಅವರನ್ನ ಮಲಗಿಸೋಕೆ ಯಾವ ಕಳ್ಳನ ಹೆಸರು ಹೇಳ್ತಿದ್ದರು ಅಂತ ಕೇಳಿ. ಅಜ್ಜಿ ಧ್ವನಿಯಲ್ಲೇ ವಾಯ್ಸ್ ನೋಟ್ ಮಾಡಿ ಕಳಿಸಿ. ಆ ಕಳ್ಳನಿಗೆ ಮಕ್ಕಳಿದ್ರಾ ಅಂತಲೂ ಕೇಳಿ ನೋಡಿ. ಮುಂದಿನ ವಾರ ಸಿಗೋಣ.